ಮಳೆಗೆ ಮೊದಲು ಲೈನ್ ಖಾಲಿ

ಕೊಡಗಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಹೆಪ್ಪುಗಟ್ಟುವುದು ಮೊಸರು ಮಾತ್ರ. ಆಷಾಢದಲ್ಲಿ ಅದೂ ಅನುಮಾನ. ಈ ಸಂಗತಿಯನ್ನು ನಾನು ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನ ಮೇಡಂ ಅವರಿಗೆ ಫೋನಿನಲ್ಲಿ ಸವಿನಯವಾಗಿ ನಿವೇದಿಸಿಕೊಂಡೆ. ಅವರು ಇರುವುದು ಮೈಸೂರಿನಲ್ಲಿ. ಎಸ್ಟೇಟಿನ ಹೋಮ್‌ಸ್ಟೇಯಲ್ಲಿ ಒಂದು ಈಜುಕೊಳ, ಅದರ ಮಗ್ಗುಲಿಗೆ ಆರೇಳು ಜನ ಕುತ್ತಿಗೆಯವರೆಗೆ ಮುಳುಗಿ ಕೂರುವಂಥ ಒಂದು ಬಿಸಿನೀರಿನ ತೊಟ್ಟಿ ಕಟ್ಟಿಸಿದ್ದಾರೆ. ತೊಟ್ಟಿಗೆ ಸ್ಪಾ ಎಂದು ಹೆಸರು. ಅದರ ಯಂತ್ರ ಯಾವುದೋ ಹಿಮ ಬೀಳುವ ದೇಶದ್ದು. ಚಳಿಗಾಲಕ್ಕೆ ಮುಂಚೆ ಪೈಪುಗಳೊಳಗಿನ ನೀರನ್ನೆಲ್ಲ ಗಾಳಿ ಊದಿ ಹೊರಹಾಕದಿದ್ದರೆ ನೀರು ಗಡ್ಡೆಯಾಗಿ ಪೈಪನ್ನು ಸೀಳುತ್ತದೆ ಎಂದು ಅದರ ಜತೆ ಬಂದ ಕೈಪಿಡಿ ಬೆದರಿಸುತ್ತದೆ. ಮೇಡಂ ಅದನ್ನು ಓದಿದ್ದರು. ಕೈಪಿಡಿ ಓದುವ ಗಿರಾಕಿಗಳು ನಮ್ಮ ಕಸುಬಿನಲ್ಲಿ ಅಪರೂಪ. ಅಂಥವರೊಡನೆ ವಾದಕ್ಕಿಳಿಯಬಾರದು ಎಂಬಷ್ಟು ತಿಳಿವಳಿಕೆ ನನಗಿದೆ.

ಹಾಗೆ ನೋಡಿದರೆ ಅವರ ಮಾತಿನಲ್ಲಿ ನ್ಯಾಯವೂ ಇತ್ತು. ನಮಗೆ ಹಿಮವಿಲ್ಲದಿದ್ದರೇನು, ಮಳೆ ಇದೆ. ಜೂನ್ ಹಿಡಿದರೆ ಹೋಮ್‌ಸ್ಟೇಗೆ ಬೀಗ. ಅಷ್ಟು ಕಾಲ ಪೈಪಿನ ಕತ್ತಲಲ್ಲಿ ನಿಂತ ನೀರು ಸುಮ್ಮನೆ ಕೂರುವುದಿಲ್ಲ, ಕಪ್ಪಗೆ ಲೋಳೆ ಕಟ್ಟುತ್ತದೆ. ಮಳೆಗಾಲ ಕಳೆದು ಮೋಟರ್ ಹಾಕಿದ ದಿನ ಅದೆಲ್ಲ ಜೆಟ್‌ಗಳಿಂದ ಹೊರಟು, ಹಣ ಕೊಟ್ಟು ಬಂದು ಕೂತ ಅತಿಥಿಗಳ ಬೆನ್ನಿಗೆ ಅಭಿಷೇಕವಾಗುತ್ತದೆ. ಹಿಂದಿನ ವರ್ಷ ಹಾಗೆಯೇ ಆಗಿತ್ತು. ಆದ್ದರಿಂದ ಕೈಪಿಡಿಯ ಚಳಿಗಾಲವನ್ನು ಮಳೆಗಾಲವೆಂದು ತಿದ್ದಿಕೊಂಡು, ಮೇ ಕೊನೆಯ ಒಂದು ಬೆಳಿಗ್ಗೆ ಕುಶಾಲನಗರದಿಂದ ಕಂಪ್ರೆಸರನ್ನು ಜೀಪಿಗೆ ಹೇರಿಕೊಂಡು ಹೊರಟೆ. ಜತೆಗೆ ನೆಲ್ಯಹುದಿಕೇರಿಯವನಾದ ನನ್ನ ಸಹಾಯಕ. ದಿನಕ್ಕೆ ಹತ್ತು ಮಾತಾಡಿದರೆ ಅವನ ಮಟ್ಟಿಗೆ ಅದು ಭಾಷಣ.

ಮುಂದೆ ಗೊಂದಲವಾಗದಿರಲಿ ಎಂದು ಒಂದು ಪದದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಂದು ಇದನ್ನು ನನಗೆ ಯಾರೂ ಹೇಳಲಿಲ್ಲ. ನನ್ನಂಥವನಿಗೆ ಲೈನ್ ಎಂದರೆ ನೀರಿನ ಪೈಪು. ಎಸ್ಟೇಟಿನಲ್ಲಿ ಹುಟ್ಟಿ ಬೆಳೆದವರಿಗೆ ಲೈನ್ ಎಂದರೆ ಕೆಲಸದವರು ಇರುವ ಸಾಲುಮನೆ. ಮೇಡಂ ಫೋನಿನಲ್ಲಿ ತಮ್ಮ ರೈಟರಿಗೆ, ಅಂದರೆ ಹಾಜರಿ, ತೂಕ, ಬಟವಾಡೆ ನೋಡಿಕೊಳ್ಳುವ ಹಿರಿಯರಿಗೆ, ಹೇಳಿದ್ದು ಇಷ್ಟು: ಮಳೆ ಹಿಡಿಯುವುದರೊಳಗೆ ಲೈನ್ ಎಲ್ಲ ಖಾಲಿ ಮಾಡಿಸಿ, ಕುಶಾಲನಗರದಿಂದ ಕಾಂಟ್ರಾಕ್ಟರ್ ಬಂದು ಮಾಡಿಕೊಡುತ್ತಾರೆ. ರೈಟರು ಮೇಡಂ ಅವರ ಮಾವನ ಕಾಲದಿಂದ ಅಲ್ಲಿರುವವರು. ಸಾವ್ಕಾರರ ಮಾತನ್ನು ತಿರುಗಿಸಿ ಕೇಳುವುದು ಅವರ ಅಭ್ಯಾಸದಲ್ಲಿ ಇಲ್ಲ. ಆಗಲಿ ಎಂದರು. ಸಾಲುಮನೆಗೆ ಹೋಗಿ ಹೇಳಿದರು.

ಇದು ಯಾವುದೂ ಗೊತ್ತಿಲ್ಲದ ನಾನು ಜೀಪಿನಿಂದ ಇಳಿದು ನಮಸ್ಕಾರ ಎಂದೆ. ರೈಟರು ನನ್ನ ಮುಖ ನೋಡದೆ ಕಂಪ್ರೆಸರನ್ನು ನೋಡಿದರು. ಹಿಂದೆಲ್ಲ ನಾನು ಹೋದರೆ ಮೊದಲು ಕಾಫಿ, ಆಮೇಲೆ ಕ್ಷೇಮಸಮಾಚಾರ, ಕೆಲಸದ ಮಾತು ಅದರ ಮೇಲೆ. ಅಂದು ಕಾಫಿ ಬರಲಿಲ್ಲ. ಎಷ್ಟು ಹೊತ್ತು ಬೇಕಾಗಬಹುದು ಎಂದು ಕೇಳಿದರು. ಲೈನ್ ಖಾಲಿ ಮಾಡುವುದಕ್ಕೆ ಹೆಚ್ಚು ಹೊತ್ತು ಬೇಡ, ಸಂಜೆಯೊಳಗೆ ಆಗಿಬಿಡುತ್ತದೆ ಎಂದು ಉತ್ಸಾಹದಿಂದಲೇ ಹೇಳಿದೆ.

"ನಿಮಗೆ ಅಭ್ಯಾಸ ಆಗಿದೆ ಕಾಣ್ತದೆ" ಎಂದರು ರೈಟರು.

"ವರ್ಷಾ ವರ್ಷಾ ಮಾಡ್ತೀವಲ್ಲ ರೈಟ್ರೇ. ಈ ಸೀಸನ್‌ಗೆ ಇದು ನಾಲ್ಕನೇ ಎಸ್ಟೇಟು."

ಅವರು ಟೊಪ್ಪಿ ಸರಿಮಾಡಿಕೊಂಡು ಕಾಫಿ ಕಣದ ಕಡೆಗೆ ನಡೆದುಬಿಟ್ಟರು. ವಯಸ್ಸಾಯಿತು, ಮಂಡಿನೋವು ಜಾಸ್ತಿಯಾಗಿರಬೇಕು ಎಂದುಕೊಂಡೆ.

ಕೆಲಸ ಶುರು ಮಾಡಿದೆವು. ಮೊದಲು ತೊಟ್ಟಿಯ ನೀರಿಗೆ ಪೈಪು ತೊಳೆಯುವ ಮದ್ದು ಹಾಕಿ ಜೆಟ್‌ಗಳನ್ನು ಓಡಿಸಿದೆವು. ಕಂದು ನೊರೆ ಎದ್ದಿತು. ಅದು ನಿಂತ ಮೇಲೆ ಹೀಟರಿನ ಕರೆಂಟು ತೆಗೆದು, ತೊಟ್ಟಿಯನ್ನು ಪೂರ್ತಿ ಬರಿದು ಮಾಡಿದೆವು. ಕೊಳದ ವಿಷಯ ಹಾಗಲ್ಲ. ಕೊಳದ ನೀರನ್ನು ಗೋಡೆಯಲ್ಲಿರುವ ಕಸ ಹೀರುವ ಬಾಯಿಗಿಂತ ಒಂದು ಗೇಣು ಕೆಳಗೆ ಇಳಿಸಿ ಅಲ್ಲಿಗೆ ನಿಲ್ಲಿಸಬೇಕು. ಕೊಡಗಿನ ಮಳೆಗೆ ನೆಲವೆಲ್ಲ ನೀರು ಕುಡಿದು ಉಬ್ಬಿರುವಾಗ ಖಾಲಿ ಕೊಳ ದೋಣಿಯ ಹಾಗೆ ಮೇಲೇಳಲು ನೋಡುತ್ತದೆ; ಒಳಗಿನ ನೀರಿನ ಭಾರವೇ ಅದನ್ನು ಅದರ ಜಾಗದಲ್ಲಿ ಕೂರಿಸುವುದು. ಎದ್ದ ಕೊಳವನ್ನು ಮತ್ತೆ ಕೂರಿಸುವ ವಿದ್ಯೆ ನನಗಂತೂ ಬರುವುದಿಲ್ಲ.

ಇಳಿಸುವ ಪಂಪು ಓಡುತ್ತಿದ್ದಾಗ ರೈಟರು ಮತ್ತೆ ಬಂದು ಪಕ್ಕದಲ್ಲಿ ನಿಂತರು. ಕೊಳವನ್ನೂ ಖಾಲಿ ಮಾಡುತ್ತೀರಾ ಎಂದು ವಿಚಾರಿಸಿದರು. ಛೇ, ಕೊಳ ಖಾಲಿ ಮಾಡುವಂತಿಲ್ಲ, ಈ ನೀರು ಇಲ್ಲಿ ಇರಲೇಬೇಕು, ಖಾಲಿಯಾಗಬೇಕಾದ್ದು ಲೈನ್ ಮಾತ್ರ ಎಂದು ತಿಳಿಯಹೇಳಿದೆ.

ಅವರು ಕೊಳವನ್ನು ಬಹಳ ಹೊತ್ತು ನೋಡಿದರು. "ನೀರಿಗಾದ್ರೂ ಇರ್ಲಿಕ್ಕೆ ಜಾಗ ಉಂಟಲ್ಲ" ಎಂದರು.

ನಾನು ಇದನ್ನು ವೇದಾಂತವೆಂದು ಭಾವಿಸಿ ತಲೆದೂಗಿದೆ.

ಪಂಪ್ ರೂಮಿನಲ್ಲಿ ಗಾಳಿಯ ಕೆಲಸ. ನಮ್ಮದು ಟಯರಿಗೆ ಗಾಳಿ ತುಂಬುವ ಕಂಪ್ರೆಸರು. ಅದನ್ನು ಇದ್ದ ಹಾಗೆಯೇ ಪೈಪಿಗೆ ಬಿಟ್ಟರೆ ನೆಲದೊಳಗಿನ ಜಾಯಿಂಟು ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಒತ್ತಡ ತಗ್ಗಿಸಿ, ದಪ್ಪ ಹೋಸಿನಲ್ಲಿ ನಿಧಾನವಾಗಿ ಊದಬೇಕು. ಪೈಪಿಗೆ ಬೇಕಾದ್ದು ಗಾಳಿಯ ರಾಶಿ, ಗಾಳಿಯ ಸಿಟ್ಟಲ್ಲ. ಮೊದಲು ಕಸ ಹೀರುವ ಲೈನು: ಗೊಳಗೊಳ ಎಂದು ಸದ್ದು ಮಾಡಿ, ಕೊನೆಗೆ ಬರೀ ಗಾಳಿ ಉಸಿರಾಡಿತು, ರಬ್ಬರ್ ಬಿರಡೆ ಜಡಿದೆವು. ಆಮೇಲೆ ನೀರು ವಾಪಸು ಬರುವ ಲೈನು. ಅದರ ಬಾಯಿಗಳು ನೀರಿನೊಳಗೇ ಇರುವುದರಿಂದ, ಗುಳ್ಳೆ ಬರುತ್ತಿರುವಾಗಲೇ ಸಹಾಯಕ ಎದೆಮಟ್ಟ ನೀರಿಗಿಳಿದು ಒಂದೊಂದಕ್ಕೆ ಬಿರಡೆ ತಿರುಗಿಸಿದ. ಕೊಳದ ತಳದ ಲೈನಿಗೆ ಬಿರಡೆ ಹಾಕಲು ಆಗುವುದಿಲ್ಲ. ತಳದಿಂದ ದೊಡ್ಡ ಗುಳ್ಳೆಗಳು ಎದ್ದು ಬರುವವರೆಗೆ ಊದಿ, ಗಾಳಿ ಇನ್ನೂ ಒಳಗಿರುವಾಗಲೇ ಪಂಪಿನ ಬದಿಯ ವಾಲ್ವನ್ನು ತಟ್ಟನೆ ಮುಚ್ಚಬೇಕು. ಒಳಗೆ ಸಿಕ್ಕಿಕೊಂಡ ಗಾಳಿಯೇ ಮಳೆಗಾಲ ಪೂರ್ತಿ ನೀರನ್ನು ತಡೆದು ನಿಲ್ಲುತ್ತದೆ. ಈ ಕೆಲಸ ಒಂದೇ ಸಲಕ್ಕೆ ಸರಿಹೋದಾಗ ನನಗೆ ಈಗಲೂ ಎದೆ ಉಬ್ಬುತ್ತದೆ. ನೋಡುವವರು ಯಾರೂ ಇರುವುದಿಲ್ಲ, ಅಷ್ಟೇ ಕೊರತೆ.

ಅಂದು ಒಬ್ಬರು ಇದ್ದರು. ಪಂಪ್ ರೂಮಿನ ಬಾಗಿಲಲ್ಲಿ ಒಬ್ಬ ಅಜ್ಜಿ, ಹೆಗಲಿಗೆ ಟವಲು, ಕೆಲಸಕ್ಕೆ ಹೋಗುವಾಗ ಹಾಕುವ ಗಂಡಸರ ತುಂಬುತೋಳಿನ ಅಂಗಿ. ಜೀವಮಾನವೆಲ್ಲ ಕಾಫಿ ಹಣ್ಣು ಕೊಯ್ದ ಕೈಗಳು ಎಂದು ನೋಡಿದರೇ ತಿಳಿಯುತ್ತಿತ್ತು. ಅವರು ನನ್ನ ಕೆಲಸವನ್ನು ಗಮನವಿಟ್ಟು ನೋಡುತ್ತಿದ್ದಾರೆಂದು ನಾನು ಹಿಗ್ಗಿದೆ.

"ಸಾರ್, ಲೈನ್ ಇವತ್ತೇ ಖಾಲಿ ಆಗ್ಬೇಕಾ?"

"ಇವತ್ತೇ ಅಮ್ಮ."

"ಸ್ವಲ್ಪ ದಿನ ಬಿಟ್ಟು ಮಾಡಿದ್ರೆ ಆಗಲ್ವಾ?"

"ಮಳೆ ಹಿಡಿದ್ರೆ ಮುಗೀತಲ್ಲ. ಒಳಗೆ ಉಳಿದಿದ್ದೆಲ್ಲ ಕೊಳೆತು ಹೋಗ್ತದೆ."

ಅಜ್ಜಿ ದನಿ ತಗ್ಗಿಸಿ ಹೇಳಿದರು: "ಒಳಗೆ ಸಣ್ಣದೊಂದು ಉಂಟು ಸಾರ್."

ಪೈಪಿನೊಳಗೆ ಕಪ್ಪೆಮರಿ ಹೊಕ್ಕಿದ್ದನ್ನು ಕಂಡಿರಬೇಕು ಎಂದು ನಾನು ತಿಳಿದೆ. ಅಂಥದ್ದು ಆಗುತ್ತಲೇ ಇರುತ್ತದೆ. "ಸಣ್ಣದು ಅಂತ ಬಿಡೋ ಹಾಗಿಲ್ಲ ಅಮ್ಮ. ಗಾಳಿ ಬಿಟ್ರೆ ತಾನಾಗೇ ಹೊರಗೆ ಬರ್ತದೆ" ಎಂದು ಧೈರ್ಯ ಹೇಳಿದೆ.

ಅವರು ಹೆಗಲ ಟವಲು ಎಳೆದುಕೊಂಡು ಹೊರಟುಹೋದರು. ಒಬ್ಬ ಶ್ರದ್ಧಾವಂತ ಕೇಳುಗರನ್ನು ಕಳೆದುಕೊಂಡೆನಲ್ಲ ಎಂದು ನನಗೆ ಬೇಸರವಾಯಿತು.

ಆಮೇಲೆ ಸ್ಪಾ ನಮ್ಮನ್ನು ಹಿಡಿದುಕೊಂಡಿತು. ತೊಟ್ಟಿಯ ಜೆಟ್‌ಗಳಿಗೆ ಎರಡು ಲೈನು: ಒಂದರಲ್ಲಿ ನೀರು, ಇನ್ನೊಂದರಲ್ಲಿ ಗುಳ್ಳೆ ಎಬ್ಬಿಸುವ ಗಾಳಿ. ಎರಡನ್ನೂ ಊದಿ ಒಣಗಿಸಬೇಕು. ನೀರಿನ ಲೈನು ಮರ್ಯಾದೆಯಿಂದ ಬರಿದಾಯಿತು. ಗಾಳಿಯ ಲೈನು ಮಾತ್ರ ಎಷ್ಟು ಊದಿದರೂ ಜೆಟ್‌ಗಳಿಂದ ಉಸಿರು ಬರಲಿಲ್ಲ. ಕಂಪ್ರೆಸರು ಓಡುತ್ತಿದೆ, ಒತ್ತಡ ತೋರಿಸುವ ಮುಳ್ಳು ಏರುತ್ತಿಲ್ಲ. ಗಾಳಿ ಎಲ್ಲೋ ಸೋರಿಹೋಗುತ್ತಿದೆ. ಹಾಗಾದರೆ ನೆಲದೊಳಗೆ ಪೈಪು ಒಡೆದಿದೆ. ಒಡೆದಿದ್ದರೆ ಹಾಸುಗಲ್ಲು ಕೀಳಬೇಕು, ಅಗೆಯಬೇಕು, ಮಳೆಗೆ ಮೊದಲು ಮುಗಿಯುವ ಮಾತಲ್ಲ. ಸಹಾಯಕ ನೆಲಕ್ಕೆ ಕಿವಿಯಿಟ್ಟು ಪೈಪಿನ ದಾರಿ ಹಿಡಿದು ಅಂಗುಲಂಗುಲ ತೆವಳಿದ. ಬ್ರಹ್ಮಗಿರಿಯ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಕೊಳಕ್ಕೆ ನೀರು ತುಂಬುವ ದೊಡ್ಡ ಟ್ಯಾಂಕಿನ ವಾಲ್ವಿನಿಂದ ಏನಾದರೂ ಎಡವಟ್ಟಾಗಿದೆಯೇ ನೋಡೋಣವೆಂದು ನಾನು ಟ್ಯಾಂಕಿನ ಕಡೆ ಹತ್ತಿದೆ. ಟ್ಯಾಂಕಿನ ಪಕ್ಕದಲ್ಲೇ ಸಾಲುಮನೆ.

ಸಾಲಿನಲ್ಲಿ ಹೆಚ್ಚಿನ ಮನೆಗಳು ಎಂದೋ ಖಾಲಿಯಾಗಿ ಗೊಬ್ಬರದ ಚೀಲ ತುಂಬಿಕೊಂಡಿದ್ದವು. ಕೊನೆಯ ಮನೆಯ ಮುಂದೆ ಸಾಮಾನು ಹೊರಬಿದ್ದಿತ್ತು: ಪಾತ್ರೆಯ ಗಂಟು, ಮಡಿಸಿದ ಚಾಪೆ, ಒಂದು ಟ್ರಂಕು, ಕಟ್ಟಿಟ್ಟ ಒಣ ಸೌದೆ. ಹೆಂಚಿನ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಸುತ್ತಿಡಲಾಗಿತ್ತು. ಬಚ್ಚಲ ಒಲೆಯನ್ನು ಒಡೆದು ಹಂಡೆಯನ್ನು ಕಿತ್ತಿದ್ದರು. ಹಲಸಿನ ಮರದ ಕೊಂಬೆಗೆ ಸೀರೆಯ ತೊಟ್ಟಿಲು. ಮರದ ಬುಡದಲ್ಲಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಒಬ್ಬಳು ಬಾಣಂತಿ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಪಂಪ್ ರೂಮಿಗೆ ಬಂದಿದ್ದ ಅಜ್ಜಿ ಒಳಗಿನಿಂದ ಒಂದು ಕೋಳಿಬುಟ್ಟಿ ಹೊತ್ತು ಹೊರಬಂದವರು ನನ್ನನ್ನು ಕಂಡು ನಿಂತರು.

"ಆಯ್ತು ಸಾರ್, ಇನ್ನು ಸ್ವಲ್ಪ. ಗಾಳಿ ಬಿಡೋದು ಬೇಡ" ಎಂದರು. "ಮಗು ಹೆದರ್ತದೆ."

ಬೆಳಗಿನಿಂದ ನಾನು ಘನಗಂಭೀರವಾಗಿ ಆಡಿದ ಒಂದೊಂದು ಮಾತೂ ತಿರುಗಿಬಂದು ನನ್ನ ಮುಂದೆ ನಿಂತಿತು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ. ಅಮ್ಮತ್ತಿ ಕಡೆ ಒಬ್ಬ ತಂಗಿ ಇದ್ದಾಳಂತೆ. ಅವಳದ್ದೂ ಲೈನ್ ಮನೆಯೇ, ಒಂದೇ ಕೋಣೆ, ಈಗಾಗಲೇ ಐದು ಜನ. ಮಗಳು ಬಾಣಂತನಕ್ಕೆಂದೇ ಗಂಡನ ಮನೆಯಿಂದ ಬಂದವಳು. ಆಸ್ಪತ್ರೆಯಿಂದ ಕರೆತಂದು ಇನ್ನೂ ತಿಂಗಳಾಗಿರಲಿಲ್ಲ. ಮಳೆಗಾಲದ ಬಾಣಂತನಕ್ಕೆಂದು ಅಜ್ಜಿ ಬೇಸಿಗೆಯಿಡೀ ಸೌದೆ ಕೂಡಿಸಿದ್ದರು.

ಸಾಮಾನು ಹೊರಗೆ ತರುವುದನ್ನು ನಿಲ್ಲಿಸಿ, ಈಗ ಬಂದೆ ಎಂದು ಅಜ್ಜಿಗೆ ಹೇಳಿ, ಕಣದ ಕಡೆಗೆ ಓಡುವುದಕ್ಕೆ ಸಮೀಪವಾದ ನಡಿಗೆಯಲ್ಲಿ ಹೋದೆ.

ರೈಟರು ಕಣದ ಕಟ್ಟೆಯ ಮೇಲೆ ಕೂತಿದ್ದರು. ಮೇಡಂ ಹೇಳಿದ್ದು ಆ ಮನೆಗಳ ಲೈನ್ ಅಲ್ಲ, ಪೈಪ್ ಲೈನ್ ಇರಬೇಕು ಎಂದೆ. ಅವರು ಮೊದಲು ನನ್ನನ್ನು, ಆಮೇಲೆ ಕೊಳದ ದಿಕ್ಕನ್ನು ನೋಡಿದರು. ಪೈಪಿಗೆ ಯಾರಾದರೂ ಲೈನ್ ಅನ್ನುತ್ತಾರೆಯೇ ಎಂದು ಕೇಳಿದರು. ನಮ್ಮವರೆಲ್ಲ ಅನ್ನುತ್ತಾರೆ ಎಂದೆ. ಹಾಗಾದರೆ ಪೈಪಿಗೆ ಪೈಪು ಅನ್ನಲು ಏನು ರೋಗ ಎಂದು ಅವರು ಕೇಳಿದರು.

ಸುಲಭ, ಫೋನು ಮಾಡಿ ಕೇಳಿಬಿಡೋಣ ಎಂದು ನಾನು ಜೇಬಿಗೆ ಕೈಹಾಕಿದೆ. ರೈಟರು ನನ್ನ ಮಣಿಕಟ್ಟು ಹಿಡಿದರು.

"ಕೇಳ್ಬೇಡಿ. ಕೇಳಿದ್ರೆ ನೆನಪು ಮಾಡಿಕೊಟ್ಟ ಹಾಗಾಗ್ತದೆ."

ಹೋದ ವರ್ಷ ಒಬ್ಬರು ಇಂಜಿನಿಯರ್ ಬಂದು ಸಾಲುಮನೆಯನ್ನು ಟೇಪು ಹಿಡಿದು ಅಳೆದಿದ್ದರಂತೆ. ಕೆಡವಿ ಅತಿಥಿಗಳಿಗೆ ಕಾಟೇಜು ಕಟ್ಟುವ ಮಾತಿತ್ತಂತೆ. ಆಮೇಲೆ ಅದು ತಣ್ಣಗಾಯಿತು. ಅದಕ್ಕೇ ಮೇಡಂ ಲೈನ್ ಖಾಲಿ ಎಂದೊಡನೆ ರೈಟರಿಗೆ ಅನುಮಾನವೇ ಬರಲಿಲ್ಲ. ಈಗ ಪೈಪೋ ಮನೆಯೋ ಎಂದು ಕೇಳಿದರೆ, ಓಹೋ, ಅಲ್ಲಿ ಇನ್ನೂ ಜನ ಇದ್ದಾರಾ, ಹೇಗೂ ಸಾಮಾನು ಹೊರಗೆ ಬಂದಿದೆ, ಹೋಗಲಿ ಬಿಡಿ ಎಂದುಬಿಟ್ಟರೆ? ಕೇಳದೆ ಸುಮ್ಮನಿದ್ದರೆ, ಮೇಡಂ ಹೇಳಿದ್ದು ನಿಜಕ್ಕೂ ಮನೆಯನ್ನೇ ಆಗಿದ್ದರೆ? ಮಾತು ಮೀರಿ ಮನೆ ಉಳಿಸಿಕೊಂಡರೆ ನಾಳೆ ರೈಟರು ಇರುವುದಿಲ್ಲ, ಮನೆಯೂ ಇರುವುದಿಲ್ಲ.

ನಾನು ಕಟ್ಟೆಯ ಮೇಲೆ ಕೂತೆ. ಸೋರುವ ಲೈನನ್ನು ಹುಡುಕುವಾಗ ನಾವು ಎಲ್ಲ ವಾಲ್ವನ್ನೂ ಒಟ್ಟಿಗೆ ತೆರೆಯುವುದಿಲ್ಲ. ಬೇಡದ್ದನ್ನೆಲ್ಲ ಮುಚ್ಚಿ, ಬೇಕಾದ್ದೊಂದಕ್ಕೆ ಮಾತ್ರ ಗಾಳಿ ಬಿಡುತ್ತೇವೆ. ರೈಟರನ್ನು ಒಂದು ಪ್ರಶ್ನೆ ಕೇಳಿದೆ: ಮೇಡಂ ಆ ಮನೆಗಳಿಗೆ ಯಾವತ್ತಾದರೂ ಲೈನ್ ಎಂದದ್ದು ಇದೆಯೇ?

ಅವರು ಬಹಳ ಯೋಚಿಸಿದರು. "ಇಲ್ಲ. ಸ್ಟಾಫ್ ಕ್ವಾರ್ಟರ್ಸ್ ಅಂತಾರೆ. ನಾನು ಒಂದು ಸಲ ಲೈನ್ ಅಂದಾಗ, ಯಾವ ಲೈನು ಅಂತ ಕೇಳಿದ್ರು."

ಅಷ್ಟು ಸಾಕಿತ್ತು. ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು, ರೈಟರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ಮೇಡಂ ಅವರಿಗೆ ಫೋನು ಮಾಡಿದೆ. ಗಾಳಿಯ ಲೈನಿನ ತೊಂದರೆ ಮೊದಲು ವರದಿ ಮಾಡಿದೆ. ಆಮೇಲೆ, ಖಾಲಿ ಮಾಡಬೇಕಾದ ಲೈನನ್ನೆಲ್ಲ ಒಂದೊಂದಾಗಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ ಎಂದು ವಿನಂತಿಸಿ, ಸ್ಕಿಮ್ಮರ್ ಲೈನು, ರಿಟರ್ನ್ ಲೈನು, ತಳದ ಲೈನು, ಸ್ಪಾದ ನೀರಿನ ಲೈನು, ಸ್ಪಾದ ಗಾಳಿ ಲೈನು ಎಂದು ಪುರೋಹಿತರು ಸಂಕಲ್ಪ ಹೇಳುವ ಹಾಗೆ ಬಿಡಿಬಿಡಿಯಾಗಿ ಹೇಳಿದೆ. "ಇಷ್ಟೇ ಅಲ್ವಾ ಮೇಡಂ?"

"ನೀವು ಕಾಂಟ್ರಾಕ್ಟರೋ ನಾನೋ?" ಎಂದರು ಮೇಡಂ. "ಇಷ್ಟೇ. ಬೇರೆ ಯಾವ ಲೈನ್ ಇದೆ ನಮ್ಮ ಎಸ್ಟೇಟಲ್ಲಿ?"

ರೈಟರು ಕಣ್ಣು ಮುಚ್ಚಿಕೊಂಡಿದ್ದರು.

"ಯಾವುದೂ ಇಲ್ಲ ಮೇಡಂ" ಎಂದೆ.

ಫೋನಿಟ್ಟ ಮೇಲೆ ರೈಟರು ಟೊಪ್ಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಮಂಡಿನೋವಿನ ಮನುಷ್ಯ ಸಾಲುಮನೆಯವರೆಗೆ ನನಗಿಂತ ಮುಂದೆ ನಡೆದರು. ಅಲ್ಲಿ ಅವರು ತಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆಂದು ನಾನು ಕಾದೆ. ಅವರು ಗಂಟಲು ಸರಿಮಾಡಿಕೊಂಡು, ಮೇಡಂ ಈಗ ತಾನೇ ಫೋನಿನಲ್ಲಿ ಮಾತಾಡಿದರು, ಲೈನ್ ಖಾಲಿ ಮಾಡುವುದು ಬೇಡ, ಎಲ್ಲರೂ ಇದ್ದಲ್ಲೇ ಇರಲಿ ಎಂದರು, ಎಂದು ಘೋಷಿಸಿದರು. ತಿದ್ದಬೇಕೋ ಬೇಡವೋ ಎಂದು ನಾನು ನೋಡುತ್ತಿದ್ದಾಗ ಅಜ್ಜಿ ಕೋಳಿಬುಟ್ಟಿಯನ್ನು ಕೆಳಗಿಟ್ಟು, ಮೈಸೂರು ಯಾವ ದಿಕ್ಕಿಗಿದೆ ಎಂದು ಕೇಳಿ, ಆ ದಿಕ್ಕಿಗೆ ಕೈ ಮುಗಿದರು. ನಾನು ಬಾಯಿ ಮುಚ್ಚಿಕೊಂಡೆ.

ಆಗ ಮೊದಲ ಹನಿ ಬಿತ್ತು. ಸ್ಪಾದ ಕೆಲಸ ಅರ್ಧದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಕೈಪಿಡಿಯ ಪ್ರಕಾರ ನಾನು ಆ ಕ್ಷಣ ಇರಬೇಕಾದ್ದು ಅಲ್ಲಿ. ಸಹಾಯಕನನ್ನು ಕೂಗಿ ಕರೆದೆ. ಅವನು ಏನು ಎತ್ತ ಎಂದು ಕೇಳದೆ ಪ್ಲಾಸ್ಟಿಕ್ ಹಾಳೆ ಹೆಗಲಿಗೆ ಹಾಕಿಕೊಂಡು ಹೆಂಚಿನ ಮಾಡು ಹತ್ತಿದ. ರೈಟರು ಸೌದೆ ಒಳಗೆ ಸಾಗಿಸಿದರು. ತೊಟ್ಟಿಲನ್ನು ಮಗುವಿನ ಸಮೇತ ಬಿಚ್ಚಿ ಒಳಗೆ ಕಟ್ಟಿದ್ದು ಅಜ್ಜಿ. ಆ ಕೆಲಸಕ್ಕೆ ನಮ್ಮಲ್ಲಿ ಯಾರಿಗೂ ಅರ್ಹತೆಯಿಲ್ಲವೆಂದು ಅವರ ಅಭಿಪ್ರಾಯ. ನಾನು ಬಚ್ಚಲಿಗೆ ಹೋದೆ. ಒಡೆದ ಒಲೆಯ ಕಲ್ಲುಗಳನ್ನು ಜೋಡಿಸಿ, ಮಣ್ಣು ಕಲಸಿ ಮೆತ್ತಿ, ಹಂಡೆ ಕೂರಿಸಿ, ಹೊಗೆಗೆ ಹಿಂದಿನಿಂದ ದಾರಿ ಬಿಟ್ಟೆ. ಹಸಿಮಣ್ಣು ಬಿರುಕು ಬಿಡದ ಹಾಗೆ ಮೊದಲು ತೆಳ್ಳಗೆ ಬೆಂಕಿ ಕೊಟ್ಟು, ಆಮೇಲೆ ಸೌದೆ ಏರಿಸಿದೆ. ಹಂಡೆಯ ನೀರು ಬೆಚ್ಚಗಾಗುವ ಹೊತ್ತಿಗೆ ಹೊರಗೆ ಮಳೆ ಜಡಿಯುತ್ತಿತ್ತು. ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿ, ಕೈಯಲ್ಲಿ ನೀರಿನ ಬಿಸಿ ನೋಡಿ, ಸ್ವಲ್ಪ ಜಾಸ್ತಿಯಾಯಿತು ಎಂದರು. ತಣ್ಣೀರು ಬೆರೆಸಿಕೊಟ್ಟೆ. ನಾನು ಕೆಲಸ ಕೈಗೊಂಡ ಸ್ಪಾಗಳಲ್ಲಿ ಅದು ಅತ್ಯಂತ ಚಿಕ್ಕದು. ಅತಿಥಿ ಮೊದಲು ಅತ್ತು ಆಕ್ಷೇಪಿಸಿ, ಬೆನ್ನ ಮೇಲೆ ಎರಡು ತಂಬಿಗೆ ಬಿದ್ದ ಮೇಲೆ ಬಾಯಿ ತೆರೆದುಕೊಂಡೇ ಸುಮ್ಮನಾಯಿತು.

ಬಾಣಂತಿ ಬೆಲ್ಲದ ಕಾಫಿ ಮಾಡಿಕೊಟ್ಟಳು. ಕುಡಿದು, ಗೊಬ್ಬರದ ಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಕೊಳಕ್ಕೆ ಮರಳಿದೆವು. ಸೋರಿದ್ದು ನೆಲದೊಳಗಲ್ಲ ಎಂದು ಸಹಾಯಕ ಹೇಳಿದ. ಅಂದಿನ ಅವನ ಭಾಷಣ ಅದು. ಗಾಳಿಯ ಯಂತ್ರಕ್ಕೆ ನೀರು ಹಿಂದೆ ಬಾರದಂತೆ ತಡೆಯುವ ಒಂದು ಕದ ಪೈಪಿನೊಳಗಿರುತ್ತದೆ. ಅದು ಲೋಳೆ ಹಿಡಿದು ತೆರೆದೇ ನಿಂತಿತ್ತು. ನಾವು ಊದಿದ ಗಾಳಿ ಜೆಟ್‌ಗಳ ಕಡೆ ಹೋಗದೆ ಯಂತ್ರದ ಪೆಟ್ಟಿಗೆಯಿಂದ ಸಲೀಸಾಗಿ ಹೊರಬೀಳುತ್ತಿತ್ತು. ಕದವನ್ನು ಬಿಚ್ಚಿ ತೊಳೆದು, ಅತ್ತ ಕಡೆ ಬಿರಡೆ ಹಾಕಿ ಊದಿದೆವು. ಜೆಟ್‌ಗಳು ಕೆಮ್ಮಿ, ಉಗುಳಿ, ಆಮೇಲೆ ಒಣ ಉಸಿರು ಬಿಟ್ಟವು. ಪಂಪು, ಫಿಲ್ಟರುಗಳ ತಳದ ತಿರುಪು ತೆಗೆದು ಬರಿದು ಮಾಡಿ, ತಿರುಪುಗಳು ಕಳೆಯದಿರಲೆಂದು ಪಂಪಿನ ಬುಟ್ಟಿಯಲ್ಲೇ ಹಾಕಿ, ತೊಟ್ಟಿಗೆ ಮುಚ್ಚಳ ಬಿಗಿದು, ಹೊದಿಕೆ ಕಟ್ಟಿ ಮುಗಿಸುವಾಗ ಕತ್ತಲಾಗುತ್ತಿತ್ತು. ಲೈನ್ ಎಲ್ಲ ಖಾಲಿ ಎಂದು ಮೇಡಂ ಅವರಿಗೆ ಸಂದೇಶ ಕಳಿಸಿದೆ. ಅಕ್ಷರಶಃ ಸತ್ಯ.

ಮಳೆ ಚೆನ್ನಾಗಿ ಹಿಡಿದ ಮೇಲೆ ಒಂದು ಮಧ್ಯಾಹ್ನ ಮೇಡಂ ಫೋನು ಮಾಡಿದರು. ಮೈಸೂರಿಗೆ ಬಂದ ಎಸ್ಟೇಟಿನ ಜೀಪಿನಲ್ಲಿ ಒಂದು ಚೀಲ ಕಣಿಲೆ ಬಂದಿದೆಯಂತೆ. ಎಳೆ ಬಿದಿರು ಎಂದು ಡ್ರೈವರನಿಂದ ತಿಳಿಯಿತಂತೆ. ಕ್ವಾರ್ಟರ್ಸಿನ ಒಬ್ಬರು ಅಜ್ಜಿ ಕಾಡಿನಂಚಿನಿಂದ ತಂದು, ಸುಲಿದು, ಮೇಡಂ ಮಾಡಿದ ಉಪಕಾರಕ್ಕೆ ಎಂದು ಕಳಿಸಿದ್ದಾರಂತೆ. ಯಾವ ಉಪಕಾರ ಎಂದು ರೈಟರನ್ನು ಕೇಳಿದರೆ, ಅದು ಪೂಲ್ ಕಾಂಟ್ರಾಕ್ಟರಿಗೆ ಗೊತ್ತು ಎಂದು ಹೇಳಿ ಫೋನಿಟ್ಟರಂತೆ.

ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಬೇಕು, ದಿನವೂ ನೀರು ಬದಲಿಸಬೇಕು, ಅವಸರ ಮಾಡಬಾರದು ಎಂದು ನಾನು ಸಾಕಷ್ಟು ವಿವರವಾಗಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅದಿರಲಿ. ನಾನು ಅವರಿಗೆ ಏನು ಮಾಡಿದ್ದೀನಿ?"

"ಏನೂ ಮಾಡಿಲ್ಲ ಮೇಡಂ" ಎಂದೆ. "ಅದಕ್ಕೇ ಕಳಿಸಿದ್ದಾರೆ."

ಅಲ್ಲಿ ಕೂಸಿದೆ ಅಂತ ಡ್ರೈವರ್ ಹೇಳಿದ, ಹೌದೇ ಎಂದು ಮೇಡಂ ಕೇಳಿದರು. ಹೌದು, ಹೆಣ್ಣುಮಗು, ಸ್ನಾನ ಮಾಡಿಸಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದೆ.

"ಆ ಮನೆ ಸೋರುತ್ತಾ?"

ವೃತ್ತಿಯಲ್ಲಿ ಇಷ್ಟು ವರ್ಷ ನನ್ನನ್ನು ಜನ ಈ ಪ್ರಶ್ನೆಯನ್ನು ಕೇಳುತ್ತಲೇ ಬಂದಿದ್ದಾರೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಉತ್ತರ ಕೊಟ್ಟಿರಲಿಲ್ಲ.

"ಸೋರ್ತದೆ ಮೇಡಂ. ಚೆನ್ನಾಗೇ ಸೋರ್ತದೆ."